ಸವೆಯದೆ ಸವೆದ ಗಿಟಾರು, ಸವೆದೂ ಸಲ್ಲದ ಹೆಬ್ಬೆಟ್ಟು

ಕಳೆದ ವರ್ಷ ಕಾಮಾಕ್ಷಿಪಾಳ್ಯದ ನಮ್ಮ ಅಕ್ಕನ ಮನೆಯಲ್ಲಿ ಒಂದೇ ವಾರದಲ್ಲಿ ಎರಡು ಘಟನೆಗಳು ನಡೆದವು.

ಮೊದಲನೆಯದು: ಪಡಿತರ ಚೀಟಿಯಲ್ಲಿ ಹೆಸರಿರುವವರೆಲ್ಲ ಖುದ್ದಾಗಿ ಬಂದು ಬೆರಳಚ್ಚು ಕೊಡಬೇಕೆಂದು ಕರೆ ಬಂದಿತ್ತು. ಭಾವ ಅರ್ಧ ದಿನದ ಕೂಲಿ ಬಿಟ್ಟು ಹೋದರು. ಹೆಬ್ಬೆಟ್ಟು ಒತ್ತಿದರು. ಯಂತ್ರ ಗುರುತಿಸಲಿಲ್ಲ. ಇನ್ನೊಂದು ಕೈಯ ಹೆಬ್ಬೆಟ್ಟು, ತೋರುಬೆರಳು, ನಡುಬೆರಳು ಎಂದು ಹತ್ತೂ ಬೆರಳುಗಳ ಪರೀಕ್ಷೆಯಾಯಿತು. ಒಂದೂ ಪಾಸಾಗಲಿಲ್ಲ. 'ಗೆರೆಗಳೇ ಇಲ್ಲವಲ್ಲ ಯಜಮಾನ್ರೇ, ನಾಲ್ಕು ದಿನ ಎಣ್ಣೆ ಹಚ್ಚಿಕೊಂಡು ಮತ್ತೆ ಬನ್ನಿ' ಎಂದು ಹೇಳಿ ಕಳಿಸಿದರು. ಮೂವತ್ತೊಂದು ವರ್ಷ ಲೇತ್ ಮಷೀನಿನ ಮುಂದೆ ನಿಂತು ಕಬ್ಬಿಣ ಕಡೆದ ಕೈ ಅದು. ಕೂಲಂಟ್ ನೀರು, ಕಾದ ಚೂರುಗಳು, ಎಮರಿ ಪೇಪರು ಎಲ್ಲವೂ ಸೇರಿ ಆ ಬೆರಳುಗಳ ಗೆರೆಗಳನ್ನು ಎಂದೋ ಅಳಿಸಿಹಾಕಿವೆ.

ಎರಡನೆಯದು: ಅದೇ ಭಾನುವಾರ ಅವರ ಮಗ, ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿ ಓದುತ್ತಿರುವ ಹುಡುಗ, ಮಹಡಿಯ ಮೇಲೆ ಎಮರಿ ಪೇಪರು, ಒಂದು ಗೊಂಚಲು ಬೀಗದ ಕೈ, ಕಾಫಿ ಡಿಕಾಕ್ಷನ್ನು, ಒಂದು ಬಾಟಲಿ ಆಸಿಡ್ ಹರಡಿಕೊಂಡು ಕೂತಿದ್ದ. ಎಂಟು ತಿಂಗಳು ಕಷ್ಟಪಟ್ಟು ತಾನೇ ಮಾಡಿದ ಬೇಸ್ ಗಿಟಾರಿಗೆ ಮೂವತ್ತು ವರ್ಷದ ಸವೆತವನ್ನು ಒಂದು ಮಧ್ಯಾಹ್ನದಲ್ಲಿ ಬರಿಸುವುದು ಅವನ ಯೋಜನೆ. ಇದಕ್ಕೆ 'ರೆಲಿಕ್ ಫಿನಿಶ್' ಎನ್ನುತ್ತಾರಂತೆ.

ಒಂದೇ ಸೂರಿನಡಿ, ಒಂದೇ ಎಮರಿ ಪೇಪರಿನಿಂದ ಸವೆದ ಎರಡು ವಸ್ತುಗಳು. ಸವೆದ ಗಿಟಾರಿಗೆ ಬೆಲೆ ಏರುತ್ತದೆ. ಸವೆದ ಬೆರಳಿಗೆ ಅಕ್ಕಿಯೇ ಅನುಮಾನ. ಇವೆರಡಕ್ಕೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧವಿದೆ ಎಂದು ವಾದಿಸುವುದೇ ಈ ಬರಹದ ಉದ್ದೇಶ.

ಮೊದಲೇ ಒಂದು ಮಾತು ಸ್ಪಷ್ಟಪಡಿಸಬೇಕು. ಹುಡುಗ ಗಿಟಾರು ಮಾಡಿದ್ದಕ್ಕೆ ನನ್ನ ತಕರಾರಿಲ್ಲ. ನನಗೆ ಅದರ ಬಗ್ಗೆ ಹೆಮ್ಮೆಯೇ ಇದೆ. ಕೈಯಲ್ಲಿ ಕೆಲಸ ಮಾಡುವವರನ್ನು ಕೆಳಗೆ ಕೂರಿಸಿ, ಕೈ ಕೊಳೆಯಾಗದವರನ್ನು ಮೇಲೆ ಕೂರಿಸಿದ ಸಮಾಜ ನಮ್ಮದು. ಮಾಗಡಿ ರಸ್ತೆಯ ಆಚೆ ಇರುವ ಬಡಾವಣೆಗೆ ಬಸವೇಶ್ವರನಗರ ಎಂದು ಹೆಸರಿಟ್ಟೆವು. ಆದರೆ ಕಾಯಕದ ಮಾತನ್ನು ಭಾಷಣಕ್ಕೆ ಬಿಟ್ಟುಕೊಟ್ಟೆವು. ಮೇದಾರ ಕೇತಯ್ಯ, ನುಲಿಯ ಚಂದಯ್ಯ ಎಂದು ಕಸುಬನ್ನೇ ಹೆಸರಿನ ಮುಂದೆ ಇಟ್ಟುಕೊಂಡ ಶರಣರ ನಾಡಿನಲ್ಲಿ ಇವತ್ತು ಟರ್ನರನ ಮಗ ಅಪ್ಪನ ಕಸುಬು ಹೇಳಲು ಹಿಂಜರಿಯುತ್ತಾನೆ. ಅಂಥ ಹುಡುಗ ಉಳಿ ಹಿಡಿದ ಎಂದರೆ ಸಣ್ಣ ಸಂಗತಿಯಲ್ಲ.

ಬೇಸ್ ಗಿಟಾರು ಎಂದರೆ ನಾಲ್ಕು ದಪ್ಪ ತಂತಿಗಳ, ಉದ್ದ ಕೊರಳಿನ ವಿದ್ಯುತ್ ಗಿಟಾರು. ಅದರ ಅತಿ ಮಂದ್ರದ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಹಾಡು ಕೇಳುವವರಲ್ಲಿ ಬಹಳ ಮಂದಿ ಅದನ್ನು ಗಮನಿಸುವುದಿಲ್ಲ. ನಿಂತಾಗ ಮಾತ್ರ ಏನೋ ಕಳೆದುಹೋಯಿತು ಅನ್ನಿಸುತ್ತದೆ. ನಮ್ಮ ಬೀದಿಯ ಕೆಲಸಗಾರರ ಹಾಗೆ. ಇಂದು ನಾವು ಕಾಣುವ ಬೇಸ್ ಗಿಟಾರಿಗೆ ಮಾದರಿ ಹಾಕಿ 1951 ರಲ್ಲಿ ಮಾರುಕಟ್ಟೆಗೆ ತಂದವನು ಅಮೆರಿಕದ ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್. ಅವನು ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದವನು. ಗಿಟಾರು ನುಡಿಸಲು ಅವನಿಗೆ ಬರುತ್ತಿರಲಿಲ್ಲ. ಕೊರಳನ್ನು ಅಂಟು ಹಾಕಿ ಕೂಡಿಸುವ ಬದಲು ನಾಲ್ಕು ಸ್ಕ್ರೂಗಳಿಂದ ಬಿಗಿದ. ಕೆಟ್ಟರೆ ಬಿಚ್ಚಿ ಬೇರೆ ಹಾಕಬಹುದು. ರಿಪೇರಿಯವನ ಬುದ್ಧಿ ಅದು. ಆ ಬುದ್ಧಿಯಿಂದಲೇ ಇವತ್ತು ಕಾಮಾಕ್ಷಿಪಾಳ್ಯದ ಒಂದು ಮಹಡಿಯ ಮೇಲೆ ಹೊಸಬನೊಬ್ಬ ಗಿಟಾರು ಜೋಡಿಸಲು ಸಾಧ್ಯವಾಗಿದೆ.

ಇದಕ್ಕೆ ಕಾಮಾಕ್ಷಿಪಾಳ್ಯಕ್ಕಿಂತ ಒಳ್ಳೆಯ ಜಾಗವೂ ಇಲ್ಲ. ಇಲ್ಲಿ ಒಂದು ಬೀದಿಯಲ್ಲಿ ಲೇತ್, ಇನ್ನೊಂದರಲ್ಲಿ ಮಿಲ್ಲಿಂಗ್, ಪಕ್ಕದಲ್ಲಿ ಪೌಡರ್ ಕೋಟಿಂಗ್, ಅದರಾಚೆ ಎಲೆಕ್ಟ್ರೋಪ್ಲೇಟಿಂಗ್, ಮೂಲೆಯಲ್ಲಿ ಮೋಟಾರು ವೈಂಡಿಂಗು. ಹತ್ತಡಿ ಅಗಲದ ಷೆಡ್ಡಿನಲ್ಲಿ ಮೂರು ಮಂದಿ, ಎರಡು ಮಷೀನು, ಗೋಡೆಗೆ ಒಂದು ಕ್ಯಾಲೆಂಡರು. ದೊಡ್ಡ ಕಾರ್ಖಾನೆಗಳ ಹೆಸರಿನಲ್ಲಿ ಹೊರಬರುವ ಎಷ್ಟೋ ಬಿಡಿಭಾಗಗಳು ಇಂಥ ಷೆಡ್ಡುಗಳಲ್ಲಿ ಜಾಬ್ ವರ್ಕ್ ಆಗಿ ಹುಟ್ಟುತ್ತವೆ.

ಮರವನ್ನು ಹುಡುಗ ಹಳೆ ಮನೆಗಳನ್ನು ಕೆಡವಿದಾಗ ಬರುವ ಬಾಗಿಲು, ತೊಲೆ ಮಾರುವ ಅಂಗಡಿಯಿಂದ ತಂದ. ತೇಗದ ಬಾಗಿಲು. ಮೈತುಂಬ ಮೊಳೆಯ ತೂತು, ಚಿಲಕದ ಸುತ್ತ ಕೈ ತಾಗಿ ತಾಗಿ ಕಪ್ಪಾದ ಜಾಗ. ಹಿಂದಿನ ಬೀದಿಯಲ್ಲಿ ಮಂಚ, ಸೋಫಾ ಮಾಡುವ ಚಾಚಾ ಅದಕ್ಕೆ ತೋಪಡ ಹಾಕಿ, ಮೂರು ಹಲಗೆಗಳನ್ನು ಅಂಟಿಸಿ, ಕ್ಲ್ಯಾಂಪ್ ಬಿಗಿದು, ಒಂದು ರಾತ್ರಿ ಬಿಟ್ಟು 45 ಮಿ.ಮೀ. ದಪ್ಪದ ದಿಮ್ಮಿ ಮಾಡಿಕೊಟ್ಟರು. ಕೊರಳು ಕೂರುವ ಗುಂಡಿಯನ್ನು 16 ಮಿ.ಮೀ. ಆಳಕ್ಕೆ ರೂಟರಿನಿಂದ ಕೊರೆಯುವುದನ್ನು ಹೇಳಿಕೊಟ್ಟವರೂ ಅವರೇ. ಅಲ್ಲಿ ಅರ್ಧ ಮಿ.ಮೀ. ಸಡಿಲವಾದರೂ ಕೊರಳು ಅಲುಗುತ್ತದೆ. ನಾಲ್ಕು ತಂತಿಗಳು ಸೇರಿ ಎಳೆಯುವ ಭಾರ ಸುಮಾರು 80 ಕೆ.ಜಿ.

ಕೊರಳನ್ನೂ ತಾನೇ ಮಾಡುತ್ತೇನೆಂದು ಹುಡುಗ ಹಟ ಹಿಡಿದ. ಫ್ರೆಟ್ಟುಗಳ ಲೆಕ್ಕದಲ್ಲಿ ಎಡವಿದ. ತಂತಿಯ ಉದ್ದ 864 ಮಿ.ಮೀ. ಅದನ್ನು 17.817 ರಿಂದ ಭಾಗಿಸಿದರೆ ಮೊದಲ ಫ್ರೆಟ್ಟಿನ ಜಾಗ, ಸುಮಾರು 48.5 ಮಿ.ಮೀ. ಉಳಿದ ಉದ್ದವನ್ನು ಮತ್ತೆ ಅದೇ ಸಂಖ್ಯೆಯಿಂದ ಭಾಗಿಸಿದರೆ ಎರಡನೆಯದು. ಹೀಗೆ ಹೋದರೆ ಹನ್ನೆರಡನೆಯದು ಸರಿಯಾಗಿ ಅರ್ಧಕ್ಕೆ, 432 ಕ್ಕೆ ಬೀಳಬೇಕು. ಇವನದು ಮೂರು ಮಿ.ಮೀ. ಆಚೆ ಬಿತ್ತು. ಕ್ಯಾಲ್ಕುಲೇಟರು ಸರಿಯಾಗಿತ್ತು, ಲೆಕ್ಕವೂ ಸರಿಯಾಗಿತ್ತು. ಏಳನೇ ತರಗತಿಗೆ ಶಾಲೆ ಬಿಟ್ಟ ಭಾವ ಊಟದ ತಟ್ಟೆ ಹಿಡಿದುಕೊಂಡೇ ಬಂದು ನೋಡಿ ಹೇಳಿದರು: 'ಹಿಂದಿನ ಗೀಟಿಂದ ಮುಂದಿನ ಗೀಟಿಗೆ ಅಳೀತಿದ್ದೀಯ. ಹಂಗೆ ಅಳೀಬಾರದು. ಎಲ್ಲಾನೂ ಒಂದೇ ತುದಿಯಿಂದ ಅಳಿ. ಇಲ್ಲಾಂದ್ರೆ ಮೊದಲನೇದ್ರಲ್ಲಿ ಮಾಡಿದ ತಪ್ಪು ಕೊನೇದ್ರವರೆಗೂ ಬರ್ತದೆ.' ಹುಡುಗ ಆ ಹಲಗೆ ಬಿಸಾಕಿ ಎರಡನೆಯದನ್ನು ತಂದ. ಈ ಸಲ ಕೂಡಿತು. ಅಪ್ಪನಿಗೆ ಏನೋ ಗೊತ್ತಿದೆ ಎಂದು ಅವನಿಗೆ ಮೊದಲ ಸಲ ಅನ್ನಿಸಿದ್ದು ಅವತ್ತೇ ಇರಬೇಕು. ಆಮೇಲೆ ಭಾವ ತಮ್ಮ ಷೆಡ್ಡಿನಲ್ಲಿ ಊಟದ ಹೊತ್ತಿನಲ್ಲಿ ಹಿತ್ತಾಳೆಯ ಎರಡು ಗುಬಟು ಕಡೆದುಕೊಟ್ಟರು. ಮ್ಯಾಗ್ನೆಟ್ಟಿನ ಸುತ್ತ ಸುತ್ತಿದ ಕೂದಲಿನಂಥ ತಾಮ್ರದ ತಂತಿ ಕಡಿದುಹೋದಾಗ ಮೋಟಾರು ವೈಂಡಿಂಗ್ ಅಂಗಡಿಯವರು ಭೂತಗನ್ನಡಿ ಹಿಡಿದು ಬೆಸೆದುಕೊಟ್ಟರು, ಕಾಸು ತೆಗೆದುಕೊಳ್ಳಲಿಲ್ಲ.

ಕೊನೆಯಲ್ಲಿ ಒಂದು ತಪ್ಪಾಯಿತು. ತಂತಿಗಳು ಕೂರುವ ಬ್ರಿಡ್ಜನ್ನು ಹುಡುಗ ಆರು ಮಿ.ಮೀ. ಹಿಂದೆ ಕೂರಿಸಿ ತೂತು ಹೊಡೆದುಬಿಟ್ಟ. ಸ್ವರ ಸೇರಲಿಲ್ಲ. ಬಿಚ್ಚಿ, ತೂತುಗಳಿಗೆ ಮರದ ಬೆಣೆ ಹೊಡೆದು, ಮುಂದೆ ಹೊಸ ತೂತು ಹಾಕಬೇಕಾಯಿತು. ಹಳೆಯ ತೂತುಗಳ ಗುರುತು ಉಳಿಯಿತು.

ಆಗಲೇ ಅವನ ಬಾಯಲ್ಲಿ ಆ ಮಾತು ಬಂದದ್ದು. 'ಮಾಮ, ಇದಕ್ಕೆ ರೆಲಿಕ್ ಫಿನಿಶ್ ಕೊಡ್ತೀನಿ. ಆ ತೂತುಗಳೂ ಅದರಲ್ಲಿ ಮುಚ್ಚಿಹೋಗ್ತವೆ. ಮೂವತ್ತು ವರ್ಷ ಸ್ಟೇಜ್ ಮೇಲೆ ಬಾರಿಸಿದ ಹಾಗೆ ಕಾಣ್ತದೆ.'

ಈ ವಿದ್ಯೆಯ ವಿವರ ಕೇಳಿದರೆ ಓದುಗರು ಬೆರಗಾಗಬಹುದು. ನುಡಿಸುವವನ ಮುಂಗೈ ಒರಗುವ ಜಾಗದಲ್ಲಿ ಬಣ್ಣವನ್ನು ಮರ ಕಾಣುವ ತನಕ ಉಜ್ಜಬೇಕು. ಬೆನ್ನಿನ ಮೇಲೆ ಬೆಲ್ಟಿನ ಬಕಲ್ಲು ಗೀಚಿದಂತೆ ಗೀಚಬೇಕು. ಅಂಚುಗಳಿಗೆ ಬೀಗದ ಕೈ ಗೊಂಚಲಿನಿಂದ ಹೊಡೆಯಬೇಕು. ನೈಟ್ರೋಸೆಲ್ಯುಲೋಸ್ ಲ್ಯಾಕರ್ ಬಳಿದಿದ್ದರೆ ಅದನ್ನು ಚಳಿಗೊಡ್ಡಿ ಒಮ್ಮೆಲೇ ಬಿಸಿ ತಾಗಿಸಬೇಕು, ಆಗ ಕೂದಲೆಳೆಯ ಬಿರುಕುಗಳು ಬೀಳುತ್ತವೆ. ಪ್ಲಾಸ್ಟಿಕ್ಕನ್ನು ಕಾಫಿ, ಚಹಾದಲ್ಲಿ ನೆನೆಸಿ ಹಳದಿ ಮಾಡಬೇಕು. ಸ್ಕ್ರೂ, ಬ್ರಿಡ್ಜುಗಳನ್ನು ಆಸಿಡ್ಡಿನ ಹೊಗೆಗೆ ಹಿಡಿದು ತುಕ್ಕು ಬರಿಸಬೇಕು. ಗಿಟಾರಿನ ಮೈಯನ್ನು ಫ್ರಿಜ್ಜಿನಲ್ಲಿಡಲು ಹುಡುಗ ಹೊರಟಾಗ ಅಕ್ಕ ಬಾಗಿಲಿಗೆ ಅಡ್ಡ ನಿಂತಳು. ಚಾಚಾ ಮಾತ್ರ ಬಂದು ನೋಡಿ ನಕ್ಕರು: 'ಅಲ್ಲ ಬೇಟಾ, ಬಾಗಿಲು ತಂದಾಗ ಅದರ ಮೈತುಂಬ ಹಳೇತನ ಇತ್ತು. ಅದನ್ನೆಲ್ಲ ತೋಪಡ ಹಾಕಿ ತೆಗೆಸಿದ್ದು ನೀನೇ. ಈಗ ಸುಳ್ಳು ಹಳೇತನ ಬೇಕಾ?'

ನಾನು ಬರೆಯಬೇಕೆಂದಿರುವುದನ್ನೆಲ್ಲ ಚಾಚಾ ಒಂದೇ ಮಾತಿನಲ್ಲಿ ಹೇಳಿದ್ದಾರೆ. ಆದರೂ ಈ ಹುಚ್ಚು ನಮ್ಮ ಹುಡುಗನೊಬ್ಬನದ್ದಲ್ಲವಾದ್ದರಿಂದ ಮುಂದುವರಿಸುತ್ತೇನೆ.

ಫೆಂಡರ್ ಕಂಪನಿಯೇ 1995 ರಲ್ಲಿ 'ರೆಲಿಕ್' ಹೆಸರಿನಲ್ಲಿ ಇಂಥ ಗಿಟಾರುಗಳನ್ನು ಮಾರಲು ಶುರುಮಾಡಿತು. ಈಗ ಸವೆತದಲ್ಲಿ ದರ್ಜೆಗಳಿವೆ. ಸ್ವಲ್ಪ ಸವೆದದ್ದು, ಹೆಚ್ಚು ಸವೆದದ್ದು, ಪೂರ್ತಿ ಸವೆದದ್ದು. ಅದೇ ಕಂಪನಿಯ ಸಾಮಾನ್ಯ ಹೊಸ ಗಿಟಾರಿಗಿಂತ ಇವುಗಳ ಬೆಲೆ ಎಷ್ಟೋ ಪಟ್ಟು ಹೆಚ್ಚು. ಈ ಆಸೆ ಹುಟ್ಟಿದ್ದು ನಿಜವಾಗಿ ಸವೆದ ಗಿಟಾರುಗಳನ್ನು ನೋಡಿ. ಐರ್ಲೆಂಡಿನ ರೋರಿ ಗ್ಯಾಲಗರ್ ಎಂಬ ಕಲಾವಿದನ ಹತ್ತಿರ 1961 ರ ಒಂದು ಗಿಟಾರಿತ್ತು. ದಶಕಗಳ ಕಾಲ ರಾತ್ರಿ ಹಗಲು ನುಡಿಸಿ, ಬೆವರಿಗೆ ಅದರ ಬಣ್ಣವೆಲ್ಲ ಎದ್ದು ಮರ ಬಯಲಾಗಿತ್ತು. ಅವನು ತೀರಿಕೊಂಡದ್ದು 1995 ರಲ್ಲಿ, ರೆಲಿಕ್ಕುಗಳು ಮಾರುಕಟ್ಟೆಗೆ ಬಂದ ವರ್ಷವೇ. ಮುಂದೆ ಆ ಗಿಟಾರಿನ ಸವೆತವನ್ನು ಕಲೆ ಕಲೆಯಾಗಿ ನಕಲು ಮಾಡಿದ ಗಿಟಾರುಗಳೂ ಮಾರಾಟಕ್ಕೆ ಬಂದವು. ಬೆವರು ಅವನದು, ಕಲೆ ಕೊಂಡವನದು.

ಇಲ್ಲಿ ನಡೆಯುತ್ತಿರುವುದು ಏನೆಂದು ಗಮನಿಸಬೇಕು. ಸವೆತ ಎಂಬುದು ಒಂದು ಲೆಕ್ಕಪತ್ರ. ಬೀಸುವ ಕಲ್ಲಿನ ಗೂಟ, ಹೊಸ್ತಿಲ ನಡುವಿನ ತಗ್ಗು, ಹಾರ್ಮೋನಿಯಂನ ಮನೆಗಳು ಇವೆಲ್ಲ ಯಾರು ಎಷ್ಟು ದುಡಿದರು ಎಂಬುದನ್ನು ಬರೆದಿಟ್ಟುಕೊಂಡಿರುತ್ತವೆ. ಆ ಬರಹಕ್ಕೆ ಒಂದೇ ಶಾಯಿ, ಕಾಲ. ರೆಲಿಕ್ ಮಾಡುವವನು ಆ ಲೆಕ್ಕಪತ್ರವನ್ನು ಖೋಟಾ ಮಾಡುತ್ತಾನೆ. ದುಡಿಯದೆ ದುಡಿದವನ ಗುರುತನ್ನು ಹಾಕಿಕೊಳ್ಳುತ್ತಾನೆ. ಕೊಳ್ಳುಬಾಕ ಸಂಸ್ಕೃತಿ ನಮ್ಮ ನೀರು, ನೆಲ, ಕಾಡು ಮಾರಿದ್ದು ಸಾಲದೆ ಈಗ ದುಡಿಮೆಯ ಗಾಯವನ್ನೂ ಅಲಂಕಾರವಾಗಿ ಮಾರುತ್ತಿದೆ.

ಜೀನ್ಸ್ ಪ್ಯಾಂಟಿನ ಕಥೆ ಗೊತ್ತಿದ್ದವರಿಗೆ ಇದು ಹೊಸದಲ್ಲ. ಜೀನ್ಸು ಮೂಲದಲ್ಲಿ ಅಮೆರಿಕದ ಗಣಿ ಕೆಲಸಗಾರರು, ಕೂಲಿಗಳು ತೊಡುತ್ತಿದ್ದ ಗಟ್ಟಿ ಬಟ್ಟೆ. ಅದರ ಮಂಡಿ ಹರಿಯುತ್ತಿದ್ದುದು ದುಡಿಮೆಯಿಂದ. ಆಮೇಲೆ ಹರಿದದ್ದೇ ಫ್ಯಾಷನ್ನಾಯಿತು. ಹೊಸ ಬಟ್ಟೆಯನ್ನು ಹಳೆಯದಾಗಿ ಕಾಣಿಸಲು ಮರಳನ್ನು ಗಾಳಿಯ ರಭಸಕ್ಕೆ ಕೊಟ್ಟು ಬಟ್ಟೆಯ ಮೇಲೆ ಸಿಡಿಸುವ ಪದ್ಧತಿ ಬಂತು. ಟರ್ಕಿಯ ವರ್ಕ್‌ಷಾಪುಗಳಲ್ಲಿ ಆ ಕೆಲಸ ಮಾಡುತ್ತಿದ್ದ ಎಳೆಯ ಹುಡುಗರ ಶ್ವಾಸಕೋಶಕ್ಕೆ ಮರಳಿನ ಧೂಳು ಸೇರಿ ಸಿಲಿಕೋಸಿಸ್ ಹಿಡಿಯಿತು; ಹಲವರು ಸತ್ತರು. 2009 ರಲ್ಲಿ ಅಲ್ಲಿನ ಸರ್ಕಾರ ಆ ಪದ್ಧತಿಯನ್ನು ನಿಷೇಧಿಸಿತು. ಒಬ್ಬನ ಪ್ಯಾಂಟು ದುಡಿದವನ ಪ್ಯಾಂಟಿನಂತೆ ಕಾಣಲೆಂದು ದುಡಿಯುವವನೊಬ್ಬ ಉಸಿರು ಬಿಟ್ಟ. ಜೀನ್ಸ್ ಹೊಲಿಯುವುದಕ್ಕೆ ಹೆಸರಾದ ಬಳ್ಳಾರಿ ನಮ್ಮಲ್ಲೇ ಇರುವಾಗ ಈ ಕಥೆ ನಮಗೆ ದೂರದ್ದಾಗಬಾರದು.

ಇನ್ನು ಆ ಆಸಿಡ್ ಬಾಟಲಿ. ಹುಡುಗ ಕೂತಿದ್ದ ಮಹಡಿಯಿಂದ ಇಣುಕಿದರೆ ಪ್ಲೇಟಿಂಗ್ ಷೆಡ್ಡು ಕಾಣುತ್ತದೆ. ಅಲ್ಲಿನ ಕೆಲಸವೇನು? ಕಬ್ಬಿಣದ ಸ್ಕ್ರೂ, ನಟ್ಟು, ಬೋಲ್ಟುಗಳನ್ನು ಆಸಿಡ್ಡಿನಲ್ಲಿ ತೊಳೆದು, ಸತು, ನಿಕ್ಕಲ್, ಕ್ರೋಮಿಯಂ ಲೇಪ ಕೊಡುವುದು. ಏಕೆ? ತುಕ್ಕು ಹಿಡಿಯಬಾರದೆಂದು. ಅದಕ್ಕಾಗಿ ಅಲ್ಲಿನ ಹುಡುಗರು ದಿನವಿಡೀ ಆ ಹೊಗೆ ಕುಡಿಯುತ್ತಾರೆ. ಕ್ರೋಮಿಯಂನ ಒಂದು ರೂಪ ಕ್ಯಾನ್ಸರ್ ತರುತ್ತದೆಂಬುದು ವೈದ್ಯಲೋಕಕ್ಕೆ ಬಹಳ ಹಿಂದೆಯೇ ಗೊತ್ತಾಗಿದೆ. ಪಶ್ಚಿಮ ಬೆಂಗಳೂರಿನ ಕೈಗಾರಿಕೆಗಳ ಕೊಳಕು ಹೊತ್ತ ವೃಷಭಾವತಿ ಬಿಡದಿಯ ಹತ್ತಿರದ ಬೈರಮಂಗಲ ಕೆರೆಗೆ ಇಳಿದು, ಅರ್ಕಾವತಿ ಸೇರಿ, ಅಲ್ಲಿಂದ ಕಾವೇರಿಗೆ ಹೋಗುತ್ತದೆ. ಸ್ಕ್ರೂ ಹೊಳೆಯಲೆಂದು ಇಷ್ಟೆಲ್ಲ. ಹಾಗೆ ಹೊಳೆಸಿದ ಸ್ಕ್ರೂವನ್ನು ಅಂಗಡಿಯಿಂದ ತಂದು, ಅದೇ ಷೆಡ್ಡಿನ ಮೇಲ್ಗಡೆ ಕೂತು, ಇನ್ನೊಂದು ಬಾಟಲಿ ಆಸಿಡ್ಡಿನಿಂದ ಅದಕ್ಕೆ ತುಕ್ಕು ಬರಿಸುವುದು! ಕೆಳಗಿನವನ ಪುಪ್ಪುಸವನ್ನು ಎರಡು ಸಲ ಸುಟ್ಟಂತೆ ಇದು. ಉಳಿದ ಆಸಿಡ್ ಹೋಗುವುದು ಮನೆಯ ಮೋರಿಗೆ. ಮೋರಿ ಹೋಗುವುದು ವೃಷಭಾವತಿಗೆ.

'ರೆಲಿಕ್' ಎಂಬ ಮಾತನ್ನೇ ನೋಡಿ. ಸಂತರು, ಮಹಾತ್ಮರು ಬಿಟ್ಟುಹೋದ ಅವಶೇಷಕ್ಕೆ ಯೂರೋಪಿನಲ್ಲಿ ಆ ಹೆಸರು. ನಮ್ಮಲ್ಲೂ ಅದಕ್ಕೆ ಮಾತಿದೆ. ವಿಜಯಪುರದ ಆಸಾರ್ ಮಹಲ್ ಯಾರಿಗೆ ಗೊತ್ತಿಲ್ಲ? ಹದಿನೇಳನೇ ಶತಮಾನದಲ್ಲಿ ಮುಹಮ್ಮದ್ ಆದಿಲ್ ಶಾಹನ ಕಾಲದಲ್ಲಿ ಕಟ್ಟಿದ ಆ ಮಹಲಿನಲ್ಲಿ ಪ್ರವಾದಿಯವರ ಕೇಶವೆಂದು ಭಕ್ತರು ಗೌರವಿಸುವ ಅವಶೇಷವನ್ನು ಕಾಪಾಡಿಕೊಂಡು ಬರಲಾಗಿದೆ. ಅರಬ್ಬಿಯಲ್ಲಿ 'ಆಸಾರ್' ಎಂದರೆ ಗುರುತುಗಳು, ಉಳಿದ ಹೆಜ್ಜೆಗಳು. ನಡೆದು ಹೋದವರೊಬ್ಬರು ಇದ್ದರೆ ಮಾತ್ರ ಹೆಜ್ಜೆ ಉಳಿಯುತ್ತದೆ. ಅವಶೇಷದ ಎದುರು ತಲೆ ಬಾಗುವವನು ಬಾಗುವುದು ಆ ನಡೆದವರಿಗೆ. ಯಾರೂ ನಡೆಯದ ಹಾದಿಯಲ್ಲಿ ಹೆಜ್ಜೆ ಕೆತ್ತಿದರೆ ಅದಕ್ಕೆ ಆಸಾರ್ ಎನ್ನಲಾದೀತೇ?

ಹಳೆಯ ವಾದ್ಯವನ್ನು ನಿಜವಾಗಿ ಬಲ್ಲವರು ಅದನ್ನು ಹೇಗೆ ಕಾಣುತ್ತಾರೆ ಎಂಬುದಕ್ಕೆ ಗಡಿಯಾಚೆಯ ಮೀರಜಿಗೆ ಹೋಗಬೇಕು. ಅಲ್ಲಿನ ಸಿತಾರ್ ತಯಾರಕರು ಮೂಲತಃ ಶಿಕಲಗಾರರು, ಅಂದರೆ ಕತ್ತಿ ಗುರಾಣಿಗಳಿಗೆ ಸಾಣೆ ಹಿಡಿದು ಹೊಳಪು ಕೊಡುತ್ತಿದ್ದ ಮುಸ್ಲಿಂ ಕುಶಲಕರ್ಮಿಗಳು. ಹತ್ತೊಂಬತ್ತನೇ ಶತಮಾನದಲ್ಲಿ ಬ್ರಿಟಿಷರ ಆಳ್ವಿಕೆ ಬಲಿತು ಕತ್ತಿಗೆ ಕೆಲಸವಿಲ್ಲದಂತಾದಾಗ ಫರೀದ್‌ಸಾಹೇಬ್ ಮತ್ತು ಅವರ ಸಹೋದರ ಮೊಹಿಯುದ್ದೀನ್ ತಂತಿವಾದ್ಯಗಳನ್ನು ರಿಪೇರಿ ಮಾಡುತ್ತಾ, ಮುಂದೆ ತಾವೇ ತಯಾರಿಸತೊಡಗಿದರು. ಅವರೂ ಒಂದು ಕಾಲಕ್ಕೆ ಹೊಸಬರೇ. ಯುದ್ಧದ ಕಸುಬು ಕಳೆದುಕೊಂಡ ಕೈಗಳು ನಾದದ ಕಸುಬು ಕಲಿತವು. ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು ನೆಲೆಸಿದ್ದ ಊರು ಅದು. ಅವರ ಶಿಷ್ಯ ಕುಂದಗೋಳದ ಸವಾಯಿ ಗಂಧರ್ವರಿಂದ ಮುಂದಕ್ಕೆ ನಮ್ಮ ಧಾರವಾಡ ಸೀಮೆಯ ಗಾಯನ ಮೀರಜಿನ ತಂಬೂರಿಯ ಶ್ರುತಿಯಲ್ಲಿ ಬೆಳೆಯಿತು. 2024 ರಲ್ಲಿ ಮೀರಜಿನ ಸಿತಾರ್, ತಂಬೂರಿಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ತಂಬೂರಿ ನುಡಿದು ನುಡಿದು ತಂತಿಯ ಕೆಳಗಿನ ಕುದುರೆ ಸವೆದರೆ ನಾದ ಮಂಕಾಗುತ್ತದೆ. ಆಗ ಕುಶಲಕರ್ಮಿ ಅದನ್ನು ಮತ್ತೆ ಹದವಾಗಿ ಉಜ್ಜಿ ಜವಾರಿ ತೆಗೆಯುತ್ತಾನೆ. ಸವೆದದ್ದನ್ನು ಸರಿಪಡಿಸಿ ಮತ್ತೆ ನುಡಿಸುವಂತೆ ಮಾಡುವುದು ಅವನ ವಿದ್ಯೆ. ನಮ್ಮ ದೊಡ್ಡಬಳ್ಳಾಪುರ ತಾಲೂಕಿನ ಸಿಂಪಾಡಿಪುರದಲ್ಲಿ ಹಲಸಿನ ಮರದಿಂದ ವೀಣೆ ಮಾಡುವವರದೂ ಇದೇ ನಡತೆ. ಹೊಸ ವೀಣೆಯನ್ನು ಹೊಸದೆಂದೇ ಕೊಡುತ್ತಾರೆ. ಹಳೆಯದಾಗಿಸುವ ಕೆಲಸ ನುಡಿಸುವವನದು.

ನನ್ನ ಈ ಮಾತುಗಳಿಗೆ ಹುಡುಗ ಸುಮ್ಮನಿರಲಿಲ್ಲ. ಅವನ ವಾದಗಳಿಗೂ ನ್ಯಾಯ ಸಲ್ಲಿಸಬೇಕು.

'ನಾಟಕದಲ್ಲಿ ಹರಿದ ಅಂಗಿ ಹಾಕ್ತಾರಲ್ಲ, ಅದು ಸುಳ್ಳಲ್ವಾ?' ಎಂದ. ಅಲ್ಲ. ನಾಟಕದಲ್ಲಿ ಅದು ವೇಷವೆಂದು ನೋಡುವವನಿಗೆ ಗೊತ್ತು, ಪರದೆ ಬಿದ್ದ ಮೇಲೆ ನಟ ಅದನ್ನು ಕಳಚುತ್ತಾನೆ. ರೆಲಿಕ್ ಗಿಟಾರಿನ ಮೋಡಿ ಇರುವುದೇ ನೋಡಿದವನು ನಿಜವೆಂದು ನಂಬುವುದರಲ್ಲಿ. 'ಸವೆದ ಕೊರಳು ಕೈಗೆ ಹಿತವಾಗಿರುತ್ತೆ' ಎಂದ. ಇದನ್ನು ಒಪ್ಪುತ್ತೇನೆ. ಕೊರಳಿನ ಹಿಂಬದಿಯ ಜಿಗುಟು ಹೊಳಪನ್ನು ಉಜ್ಜಿ ತೆಗೆಯುವುದು, ಅಂಚಿನ ಚೂಪನ್ನು ಮೃದುಗೊಳಿಸುವುದು ಕೆಲಸಗಾರಿಕೆ. ಕೊಡಲಿಗೆ ಹೊಸ ಕಾವು ಹಾಕಿದ ರೈತನೂ ಗಾಜಿನ ಚೂರಿನಿಂದ ಹೆರೆದು ನುಣುಪು ಮಾಡುತ್ತಾನೆ. ಆದರೆ ಆ ಕಾವಿನ ಮೇಲೆ ಅಜ್ಜನ ಬೆವರಿನ ಕಲೆ ಬರೆಯುವುದಿಲ್ಲ. 'ನನ್ನ ಗಿಟಾರು, ನನ್ನಿಷ್ಟ, ಯಾರಿಗೇನು ನಷ್ಟ?' ಎಂದ. ಇದು ಗಟ್ಟಿಯಾದ ಪ್ರಶ್ನೆ. ನಷ್ಟ ಮೊದಲು ಅವನಿಗೇ. ಆರು ಮಿ.ಮೀ. ತಪ್ಪಿದ ಆ ತೂತುಗಳೇ ಅವನ ಎಂಟು ತಿಂಗಳ ಕಲಿಕೆಯ ನಿಜವಾದ ಗುರುತು. ಸುಳ್ಳು ಗಾಯಗಳ ನಡುವೆ ಆ ನಿಜ ಗಾಯವನ್ನು ಅವನು ಬಚ್ಚಿಡಲು ಹೊರಟಿದ್ದ. ಹೊಸಬನಾಗಿರುವುದಕ್ಕೆ ನಾಚಿಕೆ ಏಕೆ? ತಪ್ಪಿದ ತೂತಿಗೆ ನೀಟಾಗಿ ಬೆಣೆ ಹೊಡೆದಿದ್ದಾನಲ್ಲ, ಅದನ್ನು ತೋರಿಸಲಿ.

ಇದು ಬರೀ ಗಿಟಾರಿನ ವಿಷಯವಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಹೊಸ ತಪ್ಪುಗಳನ್ನು ಹಳೇತನದ ಬಣ್ಣದಲ್ಲಿ ಮುಚ್ಚುವುದು ನಮ್ಮ ಕಾಲದ ದೊಡ್ಡ ಉದ್ಯಮ. ನಿನ್ನೆ ಮೊನ್ನೆ ಹುಟ್ಟಿದ ದ್ವೇಷಕ್ಕೆ ಸಾವಿರ ವರ್ಷದ ತುಕ್ಕು ಬಳಿದು, ಇದು ಅನಾದಿಯಿಂದ ಇರುವ ಜಗಳವೆಂದು ಬೀದಿಗೆ ತರುವವರು ಎಲ್ಲ ಕಡೆಯೂ ಇದ್ದಾರೆ. ಕಲಬೆರಕೆಯ ಆಚಾರಕ್ಕೆ ಪುರಾತನದ ಬಿರುಕು ಮೂಡಿಸಿ ಪೂಜೆಗಿಡುವವರಿದ್ದಾರೆ. ಇದರಲ್ಲಿ ಒಂದು ಧರ್ಮದವರು ಹೆಚ್ಚು, ಇನ್ನೊಂದರವರು ಕಡಿಮೆ ಎಂದೇನಿಲ್ಲ. ಕತ್ತಿಗೆ ಸಾಣೆ ಹಿಡಿಯುತ್ತಿದ್ದವರು ತಂಬೂರಿ ಮಾಡತೊಡಗಿದ್ದು ನಿಜವಾದ ಚರಿತ್ರೆ. ಅದರ ಮೇಲೆ ನಿಜವಾದ ಕೈಗಳ ಸವೆತವಿದೆ. ಅದನ್ನು ಬಿಟ್ಟು ಖೋಟಾ ಗಾಯ ತೋರಿಸಿ ಕಣ್ಣೀರು ಹಾಕಿಸುವವರ ಬಗ್ಗೆ ಎಚ್ಚರ ಬೇಕಾದರೆ, ಸವೆತಕ್ಕೂ ಗೀಚಿಗೂ ಇರುವ ವ್ಯತ್ಯಾಸವನ್ನು ನಮ್ಮ ಮಕ್ಕಳು ಕೈಯಿಂದಲೇ ಕಲಿಯಬೇಕು.

ಹಳತನ್ನು ಹಾಡಿ ಹೊಗಳುವ ಈ ಸಂಸ್ಕೃತಿ ಹಳತನ್ನು ಉಳಿಸುತ್ತದೆಯೇ ಎಂದರೆ ಅದೂ ಇಲ್ಲ. 1961 ರಲ್ಲಿ ಬೆಂಗಳೂರಿನಲ್ಲಿ ಎಚ್.ಎಂ.ಟಿ. ಕೈಗಡಿಯಾರದ ಕಾರ್ಖಾನೆ ಶುರುವಾಯಿತು. 2016 ರಲ್ಲಿ ಕೇಂದ್ರ ಸರ್ಕಾರ ಆ ಗಡಿಯಾರದ ಕಂಪನಿಯನ್ನು ಮುಚ್ಚಲು ಒಪ್ಪಿತು. ಈಗ ಆ ಹಳೆಯ ಗಡಿಯಾರಗಳು 'ವಿಂಟೇಜ್' ಆಗಿವೆ. ಹುಡುಕಿ ಕೊಳ್ಳುವವರಿದ್ದಾರೆ, ಹೊಸ ಡಯಲ್ ಬಳಿದು ಹಳೆಯದೆಂದು ಮಾರುವವರೂ ಇದ್ದಾರೆ. ಗಡಿಯಾರಕ್ಕೆ ಬೆಲೆ ಬಂತು. ಕಣ್ಣಿಗೆ ಕನ್ನಡಿ ಸಿಕ್ಕಿಸಿಕೊಂಡು ಅದರ ಚಕ್ರ ಕೂರಿಸಿದವರನ್ನು ಈಗ ಯಾರು ಹುಡುಕುತ್ತಾರೆ?

ಭಾವನ ಹೆಬ್ಬೆಟ್ಟಿಗೆ ಬರೋಣ. ಓದು ಬರಹ ಬಾರದವರನ್ನು ಹೆಬ್ಬೆಟ್ಟು ಎಂದು ಹೀಯಾಳಿಸಿದ ನಾಡು ಇದು. ಈಗ ಆ ಹೆಬ್ಬೆಟ್ಟೂ ಸಾಲದಾಗಿದೆ. ಲೇತ್‌ನವರು, ಗಾರೆ ಕೆಲಸದವರು, ಬೀಡಿ ಕಟ್ಟುವವರು, ಪಾತ್ರೆ ತಿಕ್ಕುವವರು, ಹೀಗೆ ಯಾರ ಕೈ ಹೆಚ್ಚು ದುಡಿದಿದೆಯೋ ಅವರ ಬೆರಳನ್ನೇ ಯಂತ್ರ ತಿರಸ್ಕರಿಸುತ್ತದೆ. ಕೀಬೋರ್ಡು ಮುಟ್ಟುವ ನನ್ನ ಬೆರಳು ಒಂದೇ ಸಲಕ್ಕೆ ಪಾಸಾಗುತ್ತದೆ. ಕಣ್ಣಿನ ಪಾಪೆ ಹಿಡಿಯುವ ಯಂತ್ರ, ಮೊಬೈಲಿಗೆ ಬರುವ ಸಂಖ್ಯೆ ಮುಂತಾದ ಬೇರೆ ದಾರಿಗಳಿವೆ ಎನ್ನುತ್ತಾರೆ. ಇವೆ. ಆದರೆ ಅವು ಬೇಡಿದವರಿಗೆ, ಮತ್ತೆ ಮತ್ತೆ ಅಲೆದವರಿಗೆ, ಮೊಬೈಲು ಇದ್ದವರಿಗೆ. ಒಂಟಿಯಾಗಿ ಬದುಕುವ ಮುದುಕಿಗೆ ಅರ್ಧ ದಿನದ ಕೂಲಿಯೆಂದರೆ ಅರ್ಧ ದಿನದ ಊಟ. ಸವೆದ ಬೆರಳನ್ನು ಅನುಮಾನದಿಂದ ನೋಡುವ ಬದಲು, ಇದು ದುಡಿದ ಕೈ ಎಂದು ಬರೆದುಕೊಂಡು ಬೇರೆ ದಾರಿಯನ್ನು ಅಂಗಡಿಯವರೇ ಮೊದಲ ಸಲಕ್ಕೇ ತೆರೆದುಕೊಡಬೇಕು. ಇದು ದಾನವಲ್ಲ. ಸವೆದ ಗಿಟಾರಿಗೆ ಲಕ್ಷ ಕೊಡುವ ಲೋಕದಲ್ಲಿ ಸವೆದ ಬೆರಳಿಗೆ ಅಕ್ಕಿ ಕೇಳುವುದು ಅತಿಯಾಸೆಯೇ?

ಗಿಟಾರು ಮಾಡಲಿ, ಇನ್ನೂ ಹತ್ತು ಹುಡುಗರು ಮಾಡಲಿ. ಪ್ರತಿ ಶಾಲೆಯಲ್ಲೂ ಒಂದು ಉಳಿ, ಒಂದು ಗರಗಸ, ಕೆಲಸ ಬಲ್ಲ ಒಬ್ಬ ಚಾಚಾ ಇರಲಿ. ಮಾಡಿದ್ದನ್ನು ನುಡಿಸಲಿ. ಮುಂಗೈ ಒರಗುವ ಜಾಗದಲ್ಲಿ ಬಣ್ಣ ಎದ್ದುಹೋಗಲು ಇಪ್ಪತ್ತು ವರ್ಷ ಬೇಕಾದರೆ ಇಪ್ಪತ್ತು ವರ್ಷ ನುಡಿಸಲಿ. ಸವೆತಕ್ಕೆ ಅಡ್ಡದಾರಿ ಇಲ್ಲ.

ಹುಡುಗ ಅವತ್ತು ಬೆನ್ನಿನ ಮೇಲೆ ಒಂದು ಅಂಗೈ ಅಗಲ ಉಜ್ಜಿಯಾಗಿತ್ತು. ನನ್ನ ಭಾಷಣಕ್ಕೆ ನಿಲ್ಲಿಸಿದನೋ, ಚಾಚಾ ನಕ್ಕಿದ್ದಕ್ಕೆ ನಿಲ್ಲಿಸಿದನೋ ಹೇಳಲಾರೆ. ಉಳಿದದ್ದನ್ನು ಹಾಗೆಯೇ ಬಿಟ್ಟಿದ್ದಾನೆ. ಆಸಿಡ್ ಬಾಟಲಿಯನ್ನು ಅಕ್ಕ ಅಂಗಡಿಗೆ ವಾಪಸು ಕೊಡಿಸಿದಳು. ಭಾವ ಈಗ ರಾತ್ರಿ ಮಲಗುವ ಮುನ್ನ ಬೆರಳುಗಳಿಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಾರೆ. ಮೂರು ಸಲ ಹೋಗಿ ಬಂದರು. ಮುಂದಿನ ತಿಂಗಳು ಮತ್ತೆ ಹೋಗಬೇಕು.